ದಿನಾ ಓಡಿಸೋಕೂ ಬೇಕು, ಕೈಯಾಡಿಸೋಕೂ ಬೇಕು: ಹಳೆ ಸ್ಪೋರ್ಟಿ ಕಾರು ಆರಿಸುವ ಬಗೆ

ನಾನು ಕೊಂಡ ಮೊದಲ ಸ್ಪೋರ್ಟಿ ಕಾರನ್ನು ನೋಡಲು ಹೋದಾಗ ಅದರ ಬಾನೆಟ್ ಬೆಚ್ಚಗಿತ್ತು. ಕೈಯಿಟ್ಟು ನೋಡಿದ್ದೆ ಕೂಡ. "ಈಗ ತಾನೇ ತೊಳೆಸ್ಕೊಂಡು ಬಂದೆ" ಅಂದರು ಮಾರುವವರು. ಇರಬಹುದು ಅಂದುಕೊಂಡೆ. ಎಂಜಿನ್ ಒಂದೇ ಸಲಕ್ಕೆ ಎದ್ದಿತು, ಸೈಲೆನ್ಸರ್ ದನಿಗೆ ಮೈ ಜುಂ ಅಂದಿತು, ಅಲ್ಲೇ ಅಡ್ವಾನ್ಸ್ ಕೊಟ್ಟೆ. ಕಾರು ಮನೆಗೆ ಬಂದ ಮೂರನೇ ದಿನ, ರಾತ್ರಿಯೆಲ್ಲ ತಣ್ಣಗೆ ನಿಂತಿದ್ದ ಎಂಜಿನ್‌ಗೆ ಬೆಳಗ್ಗೆ ಕೀ ತಿರುಗಿಸಿದೆ. ಡಬ್ಬಕ್ಕೆ ಮೊಳೆ ತುಂಬಿ ಅಲ್ಲಾಡಿಸಿದ ಹಾಗೆ ಸದ್ದು. ನಾಲ್ಕೈದು ಸೆಕೆಂಡು ಅಷ್ಟೇ, ಆಮೇಲೆ ಏನೂ ಆಗಿಲ್ಲ ಅನ್ನುವಂತೆ ಸುಮ್ಮನಾಯಿತು. ಟೈಮಿಂಗ್ ಚೈನ್ ಸಡಿಲವಾಗಿತ್ತು. ಎಂಜಿನ್ ಬಿಸಿ ಇದ್ದಾಗ, ಆಯಿಲ್ ಪ್ರೆಷರ್ ಇದ್ದಾಗ, ಆ ಸದ್ದು ಬರುವುದಿಲ್ಲ. ಬಿಸಿ ಮಾಡಿಟ್ಟು ತೋರಿಸಿದ್ದು ಅದಕ್ಕೇ.

ಹಳೆ ಕಾರಿನ ಜೊತೆ ಅದರ ಹಿಂದಿನ ಓನರ್‌ನ ಚಾಳಿಯೂ ಮನೆಗೆ ಬರುತ್ತದೆ. ಎಲ್ಲ ಕಾರುಗಳಿಗೂ ಇದು ನಿಜವೇ, ಆದರೆ ಸ್ಪೋರ್ಟಿ ಕಾರುಗಳಿಗೆ ಜಾಸ್ತಿ ನಿಜ. ಅವನ್ನು ಕೊಂಡವರು ಸುಮ್ನೆ ಓಡಿಸಿರುವುದಿಲ್ಲ, ಹಿಂಡಿರುತ್ತಾರೆ, ಬಿಚ್ಚಿರುತ್ತಾರೆ, ಏನೋ ಹಾಕಿ ಏನೋ ತೆಗೆದಿರುತ್ತಾರೆ. ಹಾಗಾಗಿ ಇಲ್ಲಿ ಹೇಳುವ ಹಂತಗಳೆಲ್ಲ ಒಂದೇ ಪ್ರಶ್ನೆಯ ಸುತ್ತ ಇವೆ: ಈ ಕಾರನ್ನು ಇಲ್ಲಿಯವರೆಗೆ ಯಾರು, ಹೇಗೆ ಸಾಕಿದರು?

ಹಂತ 1: ಕಾರಿಗಿಂತ ಮೊದಲು ನಿಮ್ಮ ವಾರ ನೋಡಿ

ಒಂದು ಚೀಟಿಯಲ್ಲಿ ನಿಮ್ಮ ಒಂದು ವಾರದ ಓಡಾಟ ಬರೆಯಿರಿ. ಎಷ್ಟು ಕಿಲೋಮೀಟರ್, ಅದರಲ್ಲಿ ಟ್ರಾಫಿಕ್‌ನಲ್ಲಿ ತೆವಳುವುದೆಷ್ಟು, ಹಿಂದಿನ ಸೀಟಿಗೆ ಜನ ಬರುತ್ತಾರಾ, ದಾರಿಯಲ್ಲಿ ಹಂಪ್‌ಗಳೆಷ್ಟು, ಪಾರ್ಕಿಂಗ್ ಇಳಿಜಾರು ಎಷ್ಟು ಕಡಿದು. ಭಾನುವಾರದ ಬೆಟ್ಟದ ದಾರಿಯಲ್ಲಿ ಸ್ವರ್ಗ ಅನ್ನಿಸುವ ಕಾರು ಸೋಮವಾರದ ಸಿಗ್ನಲ್‌ನಲ್ಲಿ ಎಡಗಾಲಿಗೆ ಶಿಕ್ಷೆ ಆಗಬಹುದು. ಗಟ್ಟಿ ಕ್ಲಚ್, ಗಟ್ಟಿ ಸ್ಪ್ರಿಂಗ್, ಕಿವಿಯಲ್ಲೇ ಕೂತು ಗುಂಯ್‌ಗುಡುವ ಎಕ್ಸಾಸ್ಟ್, ಇವೆಲ್ಲ ಹತ್ತು ನಿಮಿಷ ಮಜಾ. ಒಂದು ಗಂಟೆ ಆದರೆ ತಲೆನೋವು.

ಇನ್ನೊಂದು ಪ್ರಶ್ನೆಗೆ ಮುಲಾಜಿಲ್ಲದೆ ಉತ್ತರ ಕೊಟ್ಟುಕೊಳ್ಳಿ. ಮನೆಯಲ್ಲಿ ಇನ್ನೊಂದು ಗಾಡಿ ಇದೆಯಾ? ಮಾಡಿಫಿಕೇಶನ್ ಅಂದಮೇಲೆ ಯಾವತ್ತೋ ಒಂದು ದಿನ ಬೋಲ್ಟ್ ಮುರಿಯುತ್ತದೆ, ಬೇಕಾದ ಪಾರ್ಟ್ ಬರಲು ವಾರ ಹಿಡಿಯುತ್ತದೆ, ಕಾರು ಸ್ಟ್ಯಾಂಡ್ ಮೇಲೆ ಕೂತಿರುತ್ತದೆ. ಕೆಲಸಕ್ಕೆ ಹೋಗಲು ಬೇರೆ ದಾರಿ ಇಲ್ಲದಿದ್ದರೆ, ಒಂದೇ ಮಧ್ಯಾಹ್ನದಲ್ಲಿ ಮುಗಿಯುವ ಮಾಡ್‌ಗಳಿಗೆ ಆಸೆಯನ್ನು ಕಟ್ಟಿಹಾಕಿ. ಎಂಜಿನ್ ಒಳಗೆ ಕೈ ಹಾಕುವ ಕನಸು ಆಮೇಲೆ.

ದುಡ್ಡಿನ ವಿಷಯ: ಕೈಯಲ್ಲಿರುವುದನ್ನೆಲ್ಲ ಕಾರಿನ ಮೇಲೆ ಸುರಿಯಬೇಡಿ. ನಾನು ಐದರಲ್ಲಿ ಒಂದು ಪಾಲನ್ನು ಮುಟ್ಟದೆ ಇಡುತ್ತೇನೆ, ಮೊದಲ ಮೂರು ತಿಂಗಳ ರಿಪೇರಿಗೆ. ಅದು ಮಾಡ್ ದುಡ್ಡಲ್ಲ ಅಂತ ನೆನಪಿಡಿ. ಇನ್ಶೂರೆನ್ಸ್ ಎಷ್ಟಾಗುತ್ತದೆ, ಮಾಡಿಫಿಕೇಶನ್‌ಗೆ ಒಪ್ಪುತ್ತಾರಾ ಅನ್ನುವುದನ್ನು ಕೊಳ್ಳುವ ಮುಂಚೆಯೇ ಕೇಳಿ. ಮಾಡ್ ಮಾಡಿಸಿ ಹೇಳದೆ ಇದ್ದು, ಆಮೇಲೆ ಕ್ಲೈಮ್ ನಿರಾಕರಿಸಿದರು ಅಂತ ಅತ್ತರೆ ಕೇಳುವವರಿಲ್ಲ.

ಹಂತ 2: ಯಾವ ಜಾತಿಯ ಕಾರು?

ಸ್ಥೂಲವಾಗಿ ಮೂರು ದಾರಿ. ಹಗುರ ಕಾರು, ಟರ್ಬೊ ಇಲ್ಲದ ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ: ಮಜ್ದಾ ಎಂಎಕ್ಸ್-5, ಟೊಯೊಟಾ ಜಿಟಿ86 ಮತ್ತು ಅದರ ಅವಳಿ ಸುಬಾರು ಬಿಆರ್‌ಜೆಡ್. ಎರಡನೆಯದು ಟರ್ಬೊ ಹ್ಯಾಚ್‌ಬ್ಯಾಕ್: ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, ಫೋರ್ಡ್ ಫಿಯೆಸ್ಟಾ ಎಸ್‌ಟಿ, 2017ರ ನಂತರದ ಸುಜುಕಿ ಸ್ವಿಫ್ಟ್ ಸ್ಪೋರ್ಟ್, ಮಿನಿ ಕೂಪರ್ ಎಸ್. ಮೂರನೆಯದು ನಾಲ್ಕೂ ಚಕ್ರ ಎಳೆಯುವ ಟರ್ಬೊ ಕಾರು, ಸುಬಾರು ಡಬ್ಲ್ಯೂಆರ್‌ಎಕ್ಸ್ ತರಹದ್ದು. ಬಿಎಂಡಬ್ಲ್ಯೂ 3 ಸೀರೀಸ್, ನಿಸ್ಸಾನ್ 350ಜೆಡ್ ತರಹದ ದೊಡ್ಡ ಆರು ಸಿಲಿಂಡರ್‌ನವೂ ಇವೆ. ಅವುಗಳ ಸೊಗಸೇ ಬೇರೆ, ಪೆಟ್ರೋಲ್ ಬಿಲ್ಲೂ ಬೇರೆ.

ಮಾಡ್ ಮಾಡುವವರಿಗೆ ಇಲ್ಲಿ ಒಂದು ಸೂಕ್ಷ್ಮ ಇದೆ. ಟರ್ಬೊ ಎಂಜಿನ್‌ನಲ್ಲಿ ಸಾಫ್ಟ್‌ವೇರ್ ಬದಲಿಸಿದರೆ ಸಾಕು, ಶಕ್ತಿ ಶೇ. 20ರ ಆಸುಪಾಸು ಏರಿಬಿಡುತ್ತದೆ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಇನ್‌ಟೇಕ್, ಎಕ್ಸಾಸ್ಟ್, ಟ್ಯೂನ್ (ಎಂಜಿನ್ ಸಾಫ್ಟ್‌ವೇರ್ ಬದಲಿಸುವುದು) ಎಲ್ಲ ಸೇರಿಸಿದರೂ ಹೆಚ್ಚಾಗಿ ಸಿಗುವುದು ಸದ್ದು. ಅಂದರೆ ನಿಮಗೆ ಬೇಕಾದದ್ದು ಶಕ್ತಿಯೇ ಆದರೆ ಶುರುವಿನಲ್ಲೇ ಟರ್ಬೊ ತಗೊಳ್ಳಿ. ತಿರುವಿನಲ್ಲಿ ಸ್ಟೀರಿಂಗ್ ಮಾತಾಡಬೇಕು, ಬ್ರೇಕ್ ಮತ್ತು ಟೈರ್ ಬೇಗ ಸವೆಯಬಾರದು ಅಂದರೆ ಹಗುರ ಕಾರು. 1989ರಲ್ಲಿ ಬಂದ ಮೊದಲ ಎಂಎಕ್ಸ್-5 ತೂಕ ಒಂದು ಟನ್ನಿನ ಆಸುಪಾಸು. ಅದಕ್ಕೆ ದೊಡ್ಡ ಬ್ರೇಕ್ ಕಿಟ್ ಹಾಕುವ ಅಗತ್ಯವೇ ಬೀಳುವುದಿಲ್ಲ, ಒಳ್ಳೆ ಪ್ಯಾಡ್ ಸಾಕು. ಭಾರದ ಕಾರಿನಲ್ಲಿ ಪ್ರತಿ ಮಾಡೂ ದುಬಾರಿ.

ನನ್ನನ್ನು ಕೇಳಿದರೆ, ಒಂದೇ ಕಾರು ಇರುವವರಿಗೆ ಎರಡನೆಯ ಗುಂಪು. ಹಿಂದೆ ಸೀಟು, ಡಿಕ್ಕಿಯಲ್ಲಿ ಜಾಗ, ಕೆಳಗಿನ ಆರ್‌ಪಿಎಂನಲ್ಲೇ ಪಿಕಪ್. ಆದರೆ ಬಳಸಿದ ಟರ್ಬೊ ಕಾರಿನಲ್ಲೇ ಹಳೆ ಓನರ್‌ನ ಚಾಳಿ ಜಾಸ್ತಿ ಅಡಗಿರುವುದು.

ಹಂತ 3: ಮಾಡೆಲ್‌ನ ಕಾಯಿಲೆ ಮೊದಲೇ ಓದಿಕೊಂಡು ಹೋಗಿ

ಪ್ರತಿ ಮಾಡೆಲ್‌ಗೂ ತನ್ನದೇ ಒಂದು ಕಾಯಿಲೆ ಇರುತ್ತದೆ. ಅದನ್ನು ತಿಳಿದುಕೊಂಡು ಹೋದವರ ಜೊತೆ ಮಾರುವವರು ಮಾತಾಡುವ ಧಾಟಿಯೇ ಬದಲಾಗುತ್ತದೆ. ನನಗೆ ಗೊತ್ತಿರುವ ಕೆಲವನ್ನು ಹೇಳುತ್ತೇನೆ.

ಎಂಎಕ್ಸ್-5ನ ಶತ್ರು ತುಕ್ಕು. ಮೊದಲ ಎರಡು ತಲೆಮಾರಿನ ಕಾರುಗಳಲ್ಲಿ ಬಾಗಿಲ ಕೆಳಗಿನ ಸಿಲ್, ಅದರಲ್ಲೂ ಹಿಂದಿನ ಚಕ್ರದ ಮುಂದಿನ ಮೂಲೆ, ಒಳಗಿನಿಂದ ಕೊಳೆಯುತ್ತದೆ. ಮಡಚುವ ಟಾಪ್‌ನ ನೀರು ಹೋಗುವ ಕೊಳವೆ ಕಸದಿಂದ ಕಟ್ಟಿಕೊಂಡರೆ ನೀರೆಲ್ಲ ಅಲ್ಲೇ ನಿಲ್ಲುವುದು. ಹೊಸ ಪೇಂಟ್ ಹೊಡೆದ ಸಿಲ್ ಕಂಡರೆ ಖುಷಿಪಡಬೇಡಿ, ಅನುಮಾನ ಪಡಿ. ಎರಡನೇ ತಲೆಮಾರಿನಲ್ಲಿ ಮುಂದಿನ ಚಾಸಿ ರೈಲ್ ಕೂಡ ತುಕ್ಕು ತಿನ್ನುತ್ತದೆ. ಅದು ಕಾಣುವುದು ಲಿಫ್ಟ್ ಮೇಲೆ ಮಾತ್ರ.

2012ರಲ್ಲಿ ಬಂದ ಜಿಟಿ86 ಮತ್ತು ಬಿಆರ್‌ಜೆಡ್‌ನ ಶುರುವಿನ ಕಾರುಗಳಿಗೆ ವಾಲ್ವ್ ಸ್ಪ್ರಿಂಗ್ ರೀಕಾಲ್ ಆಗಿತ್ತು, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಕಾರು ವಾಪಸ್ ಕರೆಸಿತ್ತು. ಆ ಕೆಲಸಕ್ಕೆ ಎಂಜಿನ್ ಇಳಿಸಬೇಕು. ಬಿಲ್ ನೋಡಿ, ಕೆಲಸ ಆದ ಮೇಲೆ ಕಾರು ಎಷ್ಟು ಕಿಲೋಮೀಟರ್ ಸರಿಯಾಗಿ ಓಡಿದೆ ಕೇಳಿ. ಇನ್ನೊಂದು, ಇದು ಕಾಯಿಲೆ ಅಲ್ಲ, ಸ್ವಭಾವ: 4,000 ಆರ್‌ಪಿಎಂ ಆಸುಪಾಸಿನಲ್ಲಿ ಟಾರ್ಕ್ ಕುಸಿದು ಕಾರು ಒಂದು ಕ್ಷಣ ಉಸಿರು ಹಿಡಿದ ಹಾಗೆ ಆಗುತ್ತದೆ. ಅದನ್ನು ದೋಷ ಅಂತ ತಿಳಿದು ಚೌಕಾಸಿ ಮಾಡಲು ಹೋಗಬೇಡಿ, ನಗುತ್ತಾರೆ.

ಐದನೇ ತಲೆಮಾರಿನ ಗಾಲ್ಫ್ ಜಿಟಿಐಯಲ್ಲಿ ಫ್ಯೂಯೆಲ್ ಪಂಪನ್ನು ಒತ್ತುವ ಕ್ಯಾಮ್ ಫಾಲೋವರ್ ಅನ್ನುವ ಸಣ್ಣ ಬಟ್ಟಲು ಸವೆಯುತ್ತದೆ. ಪಾರ್ಟ್ ಅಗ್ಗ, ಬಿಚ್ಚುವುದೂ ಸುಲಭ. ಆದರೆ ಅದು ತೂತು ಬೀಳುವವರೆಗೆ ಬಿಟ್ಟರೆ ಪಂಪ್ ಮತ್ತು ಕ್ಯಾಮ್ ಶಾಫ್ಟ್ ಎರಡಕ್ಕೂ ಕುತ್ತು. "ಕ್ಯಾಮ್ ಫಾಲೋವರ್ ಯಾವಾಗ ನೋಡಿದ್ರಿ?" ಅಂತ ಕೇಳಿ. "ಹಂಗಂದ್ರೇನು?" ಅಂದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು. ಆಮೇಲೆ ಬಂದ ಫೋಕ್ಸ್‌ವ್ಯಾಗನ್‌ನ ಇಎ888 ಎಂಜಿನ್‌ನ ಮೊದಲ ವರ್ಷಗಳಲ್ಲಿ, ಸುಮಾರು 2008ರಿಂದ 2012ರವರೆಗೆ, ಟೈಮಿಂಗ್ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ದುರ್ಬಲ. ಮಿನಿ ಕೂಪರ್ ಎಸ್‌ನ 2007ರಿಂದ 2010ರ ಎಂಜಿನ್‌ಗೂ ಇದೇ ರೋಗ. ಆರು ಗೇರ್‌ನ ಡಿಎಸ್‌ಜಿ (ಫೋಕ್ಸ್‌ವ್ಯಾಗನ್‌ನ ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಇದ್ದರೆ ಪ್ರತಿ 60,000 ಕಿ.ಮೀ.ಗೆ ಗೇರ್ ಆಯಿಲ್ ಬದಲಿಸಿದ ದಾಖಲೆ ಇರಲೇಬೇಕು.

ಈ ಟರ್ಬೊ ಎಂಜಿನ್‌ಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಸಿಂಪಡಣೆಯಾಗುತ್ತದೆ. ಹಾಗಾಗಿ ಇನ್‌ಟೇಕ್ ವಾಲ್ವ್‌ಗೆ ಪೆಟ್ರೋಲ್ ಸೋಕುವುದೇ ಇಲ್ಲ, ತೊಳೆಯುವವರಿಲ್ಲದೆ ಅದರ ಬೆನ್ನಿಗೆ ಕರಿ ಕಟ್ಟುತ್ತದೆ. ತಣ್ಣಗಿದ್ದಾಗ ಎಂಜಿನ್ ತಡವರಿಸುತ್ತದೆ, ಪಿಕಪ್ ಇಳಿಯುತ್ತದೆ. ಸಾಮಾನ್ಯವಾಗಿ ವಾಲ್‌ನಟ್ ಚಿಪ್ಪಿನ ಪುಡಿಯನ್ನು ಗಾಳಿಯ ಜೊತೆ ರಭಸದಿಂದ ಹೊಡೆದು ಇದನ್ನು ತೆಗೆಯುತ್ತಾರೆ. ಒಂದು ದಿನದ ಕೆಲಸ, ಗಾಬರಿ ಬೇಡ, ಬೆಲೆಯಲ್ಲಿ ಹಿಡಿದರಾಯಿತು.

ಫಿಯೆಸ್ಟಾ ಎಸ್‌ಟಿಯ 1.6 ಲೀಟರ್ ಎಂಜಿನ್‌ನಲ್ಲಿ ಕೂಲೆಂಟ್ ಮೇಲೆ ಕಣ್ಣಿಡಿ. ಎಂಜಿನ್ ಕಾದು ಸಿಲಿಂಡರ್ ಹೆಡ್ ಬಿರುಕು ಬಿಡುವ ಅಪಾಯಕ್ಕೆ ಕೆಲವು ವರ್ಷದ ಕಾರುಗಳು 2017ರಲ್ಲಿ ರೀಕಾಲ್ ಆಗಿದ್ದವು. ಬಿಎಂಡಬ್ಲ್ಯೂ 3 ಸೀರೀಸ್‌ನ ಇ46 ತಲೆಮಾರಿನಲ್ಲಿ ಎರಡು: ಪ್ಲಾಸ್ಟಿಕ್ ಕೂಲೆಂಟ್ ಟ್ಯಾಂಕ್ ಮತ್ತು ಪೈಪ್‌ಗಳು ವಯಸ್ಸಾದಂತೆ ಬಿರಿಯುತ್ತವೆ, ಹಿಂದಿನ ಸಬ್‌ಫ್ರೇಮ್ ಕೂರುವ ಜಾಗದಲ್ಲಿ ಬಾಡಿಯ ತಗಡೇ ಸೀಳುತ್ತದೆ. ಮೊದಲನೆಯದು ಸಣ್ಣದು. ಎರಡನೆಯದು ಕಂಡರೆ ಕೈ ಮುಗಿದು ವಾಪಸ್ ಬನ್ನಿ.

ಸುಬಾರುವಿನ 2.5 ಲೀಟರ್ ಟರ್ಬೊ ಎಂಜಿನ್‌ನಲ್ಲಿ, ಕೆಟ್ಟ ಟ್ಯೂನ್ ಬಿದ್ದರೆ ಪಿಸ್ಟನ್ ರಿಂಗ್ ಕೂರುವ ಅಂಚೇ ಒಡೆಯುತ್ತದೆ. ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು) ಇಲ್ಲದೆ ಆ ಕಾರನ್ನು ಮುಟ್ಟಬೇಡಿ. ಮಜ್ದಾ ಆರ್‌ಎಕ್ಸ್-8 ಅಗ್ಗಕ್ಕೆ ಸಿಗುತ್ತದೆ, ಯಾಕೆ ಸಿಗುತ್ತದೆ ಅಂತ ಕೇಳಿಕೊಳ್ಳಿ. ರೋಟರಿ ಎಂಜಿನ್‌ನ ಕಂಪ್ರೆಷನ್ ನೋಡಲು ಬೇರೆಯೇ ಮೀಟರ್ ಬೇಕು. ಬಿಸಿ ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ಒದ್ದಾಡಿದರೆ ಒಳಗಿನ ಸೀಲ್ ಮುಗಿದಿದೆ ಅಂತಲೇ ಲೆಕ್ಕ. ಚಂದದ ಕಾರು, ನಾನೂ ಆಸೆಪಟ್ಟಿದ್ದೇನೆ. ದಿನಾ ಓಡಿಸಲು ಮಾತ್ರ ನಾನು ಹೇಳುವುದಿಲ್ಲ.

ಹಂತ 4: ಸ್ಟಾಕ್ (ಕಂಪನಿಯಿಂದ ಬಂದ ಹಾಗೇ ಇರುವ) ಕಾರಾ, ಆಗಲೇ ಮಾಡ್ ಆಗಿರುವುದಾ?

ಇಲ್ಲಿ ಬಹಳ ಜನ ಎಡವುತ್ತಾರೆ. "ಹೇಗೂ ನಾನು ಕಾಯಿಲ್‌ಓವರ್ ಹಾಕಿಸುವವನೇ, ಇದರಲ್ಲಿ ಆಗಲೇ ಇದೆ, ದುಡ್ಡು ಉಳಿಯಿತು" ಅನ್ನುವ ಲೆಕ್ಕ. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಆ ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಡ್ಯಾಂಪರ್ ಜೋಡಿ) ಯಾವ ಕಂಪನಿಯದು, ಯಾರು ಕೂರಿಸಿದರು, ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿದರಾ, ಇದ್ಯಾವುದೂ ಬೆಲೆಯಲ್ಲಿ ಕಾಣುವುದಿಲ್ಲ. ನನ್ನ ಆಯ್ಕೆ ಯಾವತ್ತೂ ಸ್ಟಾಕ್ ಕಾರು. ಅದು ಸಿಗದಿದ್ದರೆ ಒಳ್ಳೆ ಬ್ರ್ಯಾಂಡಿನ ಎರಡು ಮೂರು ಮಾಡ್ ಇರುವ, ಬಿಲ್‌ಗಳಿರುವ, ಕಳಚಿದ ಒರಿಜಿನಲ್ ಪಾರ್ಟ್‌ಗಳನ್ನೂ ಡಬ್ಬದಲ್ಲಿಟ್ಟು ಕೊಡುವವರ ಕಾರು. ಒರಿಜಿನಲ್ ಪಾರ್ಟ್ ಜೋಪಾನ ಮಾಡಿದವರು ಎಂಜಿನ್ ಆಯಿಲನ್ನೂ ಸಮಯಕ್ಕೆ ಬದಲಿಸಿರುತ್ತಾರೆ.

ಕಷ್ಟ ಇರುವುದು "ಪೂರ್ತಿ ಸ್ಟಾಕ್" ಅಂತ ಹೇಳಿ ಮಾರುವ, ಆದರೆ ಒಂದು ಕಾಲಕ್ಕೆ ಮಾಡ್ ಆಗಿದ್ದ ಕಾರುಗಳಲ್ಲಿ. ಮಾರುವ ಮುಂಚೆ ಎಲ್ಲ ಕಳಚಿ ಮೊದಲಿನ ಹಾಗೆ ಮಾಡಿರುತ್ತಾರೆ. ಗುರುತು ಮಾತ್ರ ಪೂರ್ತಿ ಅಳಿಸಲು ಆಗುವುದಿಲ್ಲ. ವಿಂಡ್‌ಶೀಲ್ಡ್ ಪಕ್ಕದ ಕಂಬದಲ್ಲಿ ಸಣ್ಣ ತೂತುಗಳಿವೆಯಾ? ಅಲ್ಲಿ ಟರ್ಬೊ ಒತ್ತಡ ತೋರಿಸುವ ಬೂಸ್ಟ್ ಮೀಟರ್ ಕೂತಿತ್ತು. ಹಳೆ ಎಂಜಿನ್ ಬೇಯಲ್ಲಿ ಒಂದೇ ಒಂದು ಪೈಪಿನ ಕ್ಲಾಂಪ್ ಹೊಸದಾಗಿ ಹೊಳೆಯುತ್ತಿದೆಯಾ? ಟರ್ಬೊ ಬಳಿಯ ಹೀಟ್ ಶೀಲ್ಡ್ ಕಾಣೆಯಾಗಿದೆಯಾ, ಬೋಲ್ಟ್‌ಗಳ ತಲೆ ಸವೆದಿದೆಯಾ? ಎಂಜಿನ್ ವೈರಿಂಗ್‌ನಲ್ಲಿ ಕತ್ತರಿಸಿ ಜೋಡಿಸಿ ಟೇಪ್ ಸುತ್ತಿದ ಜಾಗ ಇದೆಯಾ? ಚಕ್ರದ ಮೇಲಿನ ಫೆಂಡರ್ ಅಂಚನ್ನು ಬೆರಳಿನಿಂದ ಒಳಗಡೆ ಸವರಿ. ಮಡಚಿ ಬಡಿದಿದ್ದರೆ ಅಗಲ ಟೈರ್ ಹಾಕಿ ಓಡಿಸಿದ್ದರು. ಚಕ್ರದ ಒಳಗೂಡಿನ ಪ್ಲಾಸ್ಟಿಕ್‌ಗೆ ಕರಗಿ ಅಂಟಿಕೊಂಡ ರಬ್ಬರ್ ಉಂಡೆಗಳು, ನೀಲಿ ತಿರುಗಿದ ಬ್ರೇಕ್ ಡಿಸ್ಕ್, ಟೋ ಹುಕ್ ಸುತ್ತ ಪೇಂಟ್ ಕೆರೆದ ಗುರುತು: ಇದು ಟ್ರ್ಯಾಕ್ ನೋಡಿದ ಕಾರು. ಟ್ರ್ಯಾಕ್‌ಗೆ ಹೋಗಿದ್ದೇ ತಪ್ಪಲ್ಲ. ಕೇಳಿದಾಗ ಇಲ್ಲ ಅಂದರೆ ಅದು ತಪ್ಪು.

ಸಾಫ್ಟ್‌ವೇರ್ ಟ್ಯೂನನ್ನೂ ಹೀಗೇ ತೆಗೆದಿರಬಹುದು. ಫೋಕ್ಸ್‌ವ್ಯಾಗನ್, ಆಡಿಗಳಲ್ಲಿ ಡೀಲರ್ ಸಿಸ್ಟಮ್‌ಗೆ ಟ್ಯೂನ್ ಪತ್ತೆಯಾದರೆ ಕಾರಿನ ದಾಖಲೆಗೆ 'ಟಿಡಿ1' ಅನ್ನುವ ಗುರುತು ಬೀಳುತ್ತದೆ. ಸ್ಟಾಕ್ ಫೈಲ್ ವಾಪಸ್ ಹಾಕಿದರೂ ಆ ಗುರುತು ಉಳಿಯುತ್ತದೆ. ಡೀಲರ್ ಬಳಿ ಕಾರಿನ ಗುರುತಿನ ಸಂಖ್ಯೆಯಾದ ವಿಐಎನ್ ನಂಬರ್ ಕೊಟ್ಟು ಕೇಳಿದರೆ ತಿಳಿಯುತ್ತದೆ.

ಹಂತ 5: ಕಾಗದ

ಬೇಗ ಮುಗಿಸುತ್ತೇನೆ. ಕಾರಿನ ಮೇಲಿರುವ 17 ಅಂಕಿ ಅಕ್ಷರಗಳ ವಿಐಎನ್ ಕಾಗದದ ಜೊತೆ ಹೊಂದಬೇಕು. ಅದೇ ನಂಬರಿನಿಂದ ಬಾಕಿ ಇರುವ ರೀಕಾಲ್ ನೋಡಿ. ಸಾಲ ಬಾಕಿ ಇಲ್ಲ ಅನ್ನುವುದು ಖಾತ್ರಿಯಾಗಲಿ. ಸರ್ವಿಸ್ ಬಿಲ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಕಿಲೋಮೀಟರ್ ಏರುತ್ತಾ ಹೋಗುತ್ತದಾ ನೋಡಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಬೆಲ್ಟ್ ಬದಲಿಸಿದ ಬಿಲ್ ಬೇಕು. "ಮಾಡಿಸಿದ್ದೀನಿ, ಬಿಲ್ ಇಲ್ಲ" ಅಂದರೆ ಮಾಡಿಸಿಲ್ಲ ಅಂತಲೇ ಹಿಡಿದು ಬೆಲೆ ಕಟ್ಟಿ.

ಹಂತ 6: ನೋಡುವುದು, ಮುಟ್ಟುವುದು

ಹಗಲು ಹೊತ್ತಿನಲ್ಲೇ ಹೋಗಿ, ಮಳೆಯಲ್ಲಿ ಬೇಡ. ಒದ್ದೆಯಾದರೆ ಎಲ್ಲ ಕಾರೂ ಹೊಳೆಯುತ್ತದೆ. ಹೊರಡುವ ಮುಂಚೆಯೇ ಫೋನಿನಲ್ಲಿ ಹೇಳಿ, "ನಾನು ಬರೋವರೆಗೆ ಸ್ಟಾರ್ಟ್ ಮಾಡಬೇಡಿ." ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಬೇರೆ ದಿನ ಬರುತ್ತೇನೆ ಅನ್ನಿ. ಯಾಕೆ ಅಂತ ಮೊದಲೇ ಹೇಳಿದ್ದೇನೆ.

ತಣ್ಣಗಿರುವಾಗಲೇ ಆಯಿಲ್ ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡಿ. ಕೂಲೆಂಟ್ ಟ್ಯಾಂಕಿನಲ್ಲಿ ಎಣ್ಣೆಯ ಪೊರೆ ಇರಬಾರದು. ಆಯಿಲ್ ತುಂಬುವ ಮುಚ್ಚಳದ ಒಳಗೆ ಕಂದು ನೊರೆ ಇದ್ದರೆ ಎರಡು ಅರ್ಥ: ಬರೀ ಸಣ್ಣ ದೂರ ಓಡಿಸಿರಬಹುದು, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಎರಡನ್ನೂ ಪರೀಕ್ಷಿಸದೆ ಬಿಡಬೇಡಿ. ಆಮೇಲೆ ಇನ್ನೊಬ್ಬರ ಕೈಗೆ ಕೀ ಕೊಟ್ಟು ನೀವು ಸೈಲೆನ್ಸರ್ ಹಿಂದೆ ನಿಲ್ಲಿ. ನೀಲಿ ಹೊಗೆ ಆಯಿಲ್ ಸುಡುತ್ತಿರುವುದು. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಅದರಲ್ಲಿ ಸಿಹಿ ವಾಸನೆ ಇದ್ದರೆ ಕೂಲೆಂಟ್. ಕಪ್ಪು ಹೊಗೆ ಪೆಟ್ರೋಲ್ ಜಾಸ್ತಿ ಹೋಗುತ್ತಿರುವುದು. ಟರ್ಬೊ ಹಳತಾದರೂ ನೀಲಿ ಹೊಗೆ ಬರುತ್ತದೆ, ಅದು ಹೆಚ್ಚಾಗಿ ಬಿಸಿಯಾಗಿ ಕಾದು ನಿಂತ ಮೇಲೆ ಆಕ್ಸಿಲರೇಟರ್ ಒತ್ತಿದಾಗ.

ಟೈರ್ ಬಹಳ ವಿಷಯ ಹೇಳುತ್ತದೆ. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2319 ಅಂದರೆ 2019ರ 23ನೇ ವಾರ. ನಾಲ್ಕು ಟೈರ್ ನಾಲ್ಕು ಬ್ರ್ಯಾಂಡ್ ಇದ್ದರೆ, ಅದೂ ಸ್ಪೋರ್ಟಿ ಕಾರಿನಲ್ಲಿ, ಆ ಓನರ್ ಉಳಿತಾಯ ಮಾಡಿದ್ದು ಅಲ್ಲೊಂದೇ ಕಡೆ ಅಲ್ಲ. ಒಳ ಅಂಚು ಮಾತ್ರ ಬೋಳಾಗಿದ್ದರೆ ಕಾರನ್ನು ತಗ್ಗಿಸಿ ಅಲೈನ್‌ಮೆಂಟ್ ಮಾಡಿಸದೆ ಓಡಿಸಿದ್ದಾರೆ. ನಾಲ್ಕೂ ಚಕ್ರ ಎಳೆಯುವ ಕಾರಿನಲ್ಲಿ ಟೈರ್‌ಗಳ ಸವೆತ ಒಂದೇ ತರ ಇರುವುದು ಇನ್ನೂ ಮುಖ್ಯ. ವ್ಯತ್ಯಾಸ ಜಾಸ್ತಿಯಾದರೆ ನಡುವಿನ ಡಿಫರೆನ್ಷಿಯಲ್ ಸುಮ್ನೆ ತಿರುಗುತ್ತಾ ಸವೆಯುತ್ತದೆ.

ಪೇಂಟ್ ದಪ್ಪ ಅಳೆಯುವ ಮೀಟರ್ ಸಿಕ್ಕರೆ ತಗೊಂಡು ಹೋಗಿ. ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ. ಒಂದೇ ಡೋರಿನಲ್ಲಿ 300 ಬಂದರೆ ಅದು ಮತ್ತೆ ಪೇಂಟ್ ಆಗಿದೆ, ಸಾವಿರ ದಾಟಿದರೆ ಒಳಗೆ ಪುಟ್ಟಿ. ಬಂಪರ್ ಗೀರಿಗೆ ಪೇಂಟ್ ಆಗಿದ್ದರೆ ಚಿಂತೆಯಿಲ್ಲ. ಚಾವಣಿಯ ಕಂಬದಲ್ಲಿ, ಸ್ಟ್ರಟ್ ಕೂರುವ ಜಾಗದಲ್ಲಿ ಹೊಸ ಪೇಂಟ್ ಇದ್ದರೆ ಚಿಂತಿಸಿ.

ಕಾರಿನ ಕಂಪ್ಯೂಟರ್ ಓದುವ ಓಬಿಡಿ ಸ್ಕ್ಯಾನರ್ ಚುಚ್ಚಿದಾಗ ಬರೀ ಎರರ್ ಕೋಡ್ ನೋಡಿ ಸುಮ್ಮನಾಗಬೇಡಿ. ಕೋಡ್ ಅಳಿಸುವುದು ಹತ್ತು ಸೆಕೆಂಡಿನ ಕೆಲಸ. 'ರೆಡಿನೆಸ್' ಅನ್ನುವ ಪುಟ ತೆಗೆಯಿರಿ. ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಮುಂತಾದವುಗಳ ಮುಂದೆ "ಪೂರ್ತಿಯಾಗಿಲ್ಲ" ಅಂತಿದ್ದರೆ ಇತ್ತೀಚೆಗೆ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಕಳಚಿದ್ದಾರೆ. "ಬ್ಯಾಟರಿ ನಿನ್ನೆ ತಾನೇ ಚೇಂಜ್ ಮಾಡ್ದೆ" ಅನ್ನುತ್ತಾರೆ. ಸರಿ, ಹಾಗಾದರೆ ಇನ್ನೊಂದು ವಾರ ಓಡಿಸಿ, ಆಮೇಲೆ ಬರುತ್ತೇನೆ. ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚಿಸಿ ಇಳಿಸಿ ಸರಿದೂಗಿಸುತ್ತಿದೆ ಅನ್ನುವ ಲೆಕ್ಕ) ಕೂಡ ನೋಡಿ. ಹೆಚ್ಚಿರಲಿ, ಕಡಿಮೆಯಿರಲಿ, ಶೇ. 10ರ ಒಳಗಿದ್ದರೆ ನೆಮ್ಮದಿ. ಅದನ್ನು ಮೀರಿದರೆ ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಸೆನ್ಸರ್ ಸುಳ್ಳು ಹೇಳುತ್ತಿದೆ.

ಹಂತ 7: ಓಡಿಸಿ ನೋಡುವುದು

ಅರ್ಧ ಗಂಟೆ ಬೇಕು. ಬೀದಿಯ ಒಂದು ಸುತ್ತು ಸಾಲದು. ಮ್ಯೂಸಿಕ್ ಆಫ್.

ತಣ್ಣಗಿರುವಾಗ ಒಂದರಿಂದ ಎರಡು, ಎರಡರಿಂದ ಮೂರು, ಮತ್ತೆ ಮೂರರಿಂದ ಎರಡು, ನಿಧಾನವಾಗಿ ಗೇರ್ ಬದಲಿಸಿ. ಕರಕರ ಅಂದರೆ ಗೇರ್‌ಗಳನ್ನು ಸಲೀಸಾಗಿ ಕೂಡಿಸುವ ಸಿಂಕ್ರೊ ಸವೆದಿದೆ. ಹೋಂಡಾದ ಟೈಪ್ ಆರ್ ತರಹ ಎತ್ತರದ ಆರ್‌ಪಿಎಂನಲ್ಲಿ ರಪ್ಪನೆ ಗೇರ್ ಹಾಕಿಸಿಕೊಂಡ ಕಾರುಗಳಲ್ಲಿ ಎರಡು ಮತ್ತು ಮೂರನೇ ಗೇರ್ ಮೊದಲು ದೂರುತ್ತವೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಖಾಲಿ ನೇರ ರಸ್ತೆಯಲ್ಲಿ ನಾಲ್ಕನೇ ಗೇರ್, 2,500 ಆರ್‌ಪಿಎಂ, ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಜಿಗಿದು ವೇಗ ಮಾತ್ರ ಹಿಂದೆ ಉಳಿದರೆ ಕ್ಲಚ್ ಜಾರುತ್ತಿದೆ. ಟ್ಯೂನ್ ಮಾಡುವ ಯೋಚನೆ ಇದ್ದರೆ ಈ ಪರೀಕ್ಷೆ ಬಿಡಲೇಬೇಡಿ. ಸ್ಟಾಕ್ ಟಾರ್ಕಿಗೇ ಸೋತ ಕ್ಲಚ್ ಜಾಸ್ತಿ ಟಾರ್ಕನ್ನು ಒಂದು ವಾರವೂ ತಡೆಯುವುದಿಲ್ಲ.

ಬ್ರೇಕ್ ಹಿಡಿದಾಗ ಸ್ಟೀರಿಂಗ್ ನಡುಗುತ್ತದಾ, ಹಂಪ್ ಮೇಲೆ ಟಕ್ ಅನ್ನುತ್ತದಾ, ಕೈ ಸಡಿಲ ಬಿಟ್ಟರೆ ಒಂದು ಕಡೆ ಎಳೆಯುತ್ತದಾ ಗಮನಿಸಿ. ಇಳಿಜಾರಿನಲ್ಲಿ ಗೇರಿನಲ್ಲೇ ಇಟ್ಟು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿದು, ಕೆಳಗೆ ಬಂದು ಆಕ್ಸಿಲರೇಟರ್ ಒತ್ತುವಾಗ ಕನ್ನಡಿಯಲ್ಲಿ ಹಿಂದೆ ನೋಡಿ. ಆಗ ನೀಲಿ ಹೊಗೆ ಕಂಡರೆ ವಾಲ್ವ್ ಸೀಲ್ ಅಥವಾ ರಿಂಗ್. ವಾಪಸ್ ಬಂದ ಮೇಲೆ ಐದು ನಿಮಿಷ ಐಡಲ್ ಬಿಡಿ, ರೇಡಿಯೇಟರ್ ಫ್ಯಾನ್ ತಿರುಗಿ ಟೆಂಪರೇಚರ್ ಇಳಿಯಬೇಕು. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ.

ಇಷ್ಟೆಲ್ಲ ದಾಟಿದರೆ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಎತ್ತಿಸಿ. ನಿಮ್ಮ ಮೆಕ್ಯಾನಿಕ್, ಅವರದಲ್ಲ. ಕಂಪ್ರೆಷನ್ ಟೆಸ್ಟ್‌ನಲ್ಲಿ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇ. 10ರಿಂದ 15ರ ಒಳಗಿರಬೇಕು. ಸಿಲ್ ಕೆಳಗೆ ಜ್ಯಾಕ್ ಇಡುವ ಜಾಗ ಜಜ್ಜಿ ಹೋಗಿದ್ದರೆ ಯಾರೋ ಅವಸರದಲ್ಲಿ ಬಹಳ ಸಲ ಎತ್ತಿದ್ದಾರೆ. ಎಕ್ಸಾಸ್ಟ್ ಪೈಪಿನಲ್ಲಿ ಹೊಸ ವೆಲ್ಡಿಂಗ್ ಕಂಡರೆ ಕ್ಯಾಟಲಿಟಿಕ್ ಕನ್ವರ್ಟರ್ ಇನ್ನೂ ಇದೆಯಾ ನೋಡಿ. ಅದು ಇಲ್ಲದಿದ್ದರೆ ಎಮಿಶನ್ ಪರೀಕ್ಷೆ ನಿಮ್ಮ ತಲೆನೋವು. ಮಾರುವವರು ಲಿಫ್ಟ್‌ಗೆ ಒಪ್ಪದಿದ್ದರೆ ಅಲ್ಲಿಗೇ ನಮಸ್ಕಾರ.

ಹಂತ 8: ಕಾರು ಮನೆಗೆ ಬಂತು, ಈಗ ಮಾಡ್

ಮೊದಲ ತಿಂಗಳು ಏನೂ ಹಾಕಬೇಡಿ. ಆಯಿಲ್, ಗೇರ್ ಆಯಿಲ್, ಡಿಫರೆನ್ಷಿಯಲ್ ಆಯಿಲ್, ಬ್ರೇಕ್ ಫ್ಲೂಯಿಡ್, ಕೂಲೆಂಟ್, ಸ್ಪಾರ್ಕ್ ಪ್ಲಗ್, ಫಿಲ್ಟರ್‌ಗಳು, ಎಲ್ಲ ಒಮ್ಮೆ ಬದಲಿಸಿ. ಆ ದಿನದಿಂದ ಲೆಕ್ಕ ನಿಮ್ಮದು. ತೆಗೆದ ಪ್ಲಗ್‌ಗಳನ್ನು ಸಿಲಿಂಡರ್ ಸಾಲಿನಲ್ಲೇ ಜೋಡಿಸಿ ನೋಡಿ. ಮೂರು ಕಂದು, ಒಂದು ಎಣ್ಣೆ ಹಚ್ಚಿದ ಕಪ್ಪು ಇದ್ದರೆ ಆ ಸಿಲಿಂಡರ್ ಮೇಲೆ ಕಣ್ಣಿಡಬೇಕು.

ಆಮೇಲೆ ಟೈರ್. ಇದನ್ನು ಹೇಳಿದರೆ ಹೊಸಬರಿಗೆ ಬೇಸರ, ಕಾಣುವುದಿಲ್ಲ, ಸದ್ದು ಮಾಡುವುದಿಲ್ಲ. ಆದರೆ ಕಾರು ನೆಲಕ್ಕೆ ತಾಗುವುದು ನಾಲ್ಕು ಅಂಗೈ ಅಗಲದಲ್ಲಿ ಮಾತ್ರ, ಬ್ರೇಕಿಂಗ್, ತಿರುವು, ಪಿಕಪ್ ಎಲ್ಲ ಅಲ್ಲಿಂದಲೇ. ಅದಾದ ಮೇಲೆ ಒಳ್ಳೆ ಬ್ರೇಕ್ ಪ್ಯಾಡ್ ಮತ್ತು ಹೊಸ ಫ್ಲೂಯಿಡ್. ಹೊಸ ಡಾಟ್ 4 ಫ್ಲೂಯಿಡ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ನೀರು ಹೀರಿಕೊಂಡ ಹಳೆಯದಕ್ಕೆ ಆ ಮಿತಿ 155ಕ್ಕೆ ಇಳಿಯಬಹುದು. ಘಾಟಿ ಇಳಿಯುವಾಗ ಪೆಡಲ್ ಸ್ಪಂಜಿನ ಹಾಗೆ ಆಗುವುದು ಇದಕ್ಕೇ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಸಸ್ಪೆನ್ಷನ್ ವಿಷಯದಲ್ಲಿ ಆಸೆ ಕಡಿಮೆ ಇರಲಿ. ದಿನಾ ಓಡಿಸುವ ಕಾರಿಗೆ 25–30 ಮಿ.ಮೀ. ತಗ್ಗಿಸಿದರೆ ಸಾಕು. ಅದಕ್ಕಿಂತ ಇಳಿಸಿದರೆ ಡ್ಯಾಂಪರ್‌ಗೆ ಮೇಲೆ ಕೆಳಗೆ ಹೋಗಲು ಜಾಗವೇ ಉಳಿಯದೆ ಬಂಪ್ ಸ್ಟಾಪ್ ಅನ್ನುವ ಕೊನೆಯ ರಬ್ಬರ್ ತಡೆಯ ಮೇಲೆ ಕೂತುಬಿಡುತ್ತದೆ. ನೋಡಲು ಚಂದ, ಓಡಿಸಲು ಎತ್ತಿನಗಾಡಿ. ಸಸ್ಪೆನ್ಷನ್ ಕೀಲುಗಳಲ್ಲಿರುವ ಸವೆದ ರಬ್ಬರ್ ಬುಶ್‌ಗಳನ್ನು ಮೊದಲು ಬದಲಿಸಿ, ಆಗ ಬಹಳ ಸಲ ಹೊಸ ಸ್ಪ್ರಿಂಗ್ ಬೇಕು ಅನ್ನಿಸುವುದೇ ಇಲ್ಲ. ಅಲಾಯ್ ಕೊಳ್ಳುವಾಗ ಬೋಲ್ಟ್ ಅಳತೆ ಮಾತ್ರ ಹೊಂದಿದರೆ ಸಾಲದು. ಮೊದಲ ಅಂಕಿ ಬೋಲ್ಟ್‌ಗಳ ಸಂಖ್ಯೆ, ಎರಡನೆಯದು ಅವು ಕೂರುವ ವೃತ್ತದ ಅಗಲ ಮಿ.ಮೀ.ನಲ್ಲಿ: ಜಿಟಿ86ಗೆ 5×100, ಗಾಲ್ಫ್‌ಗೆ 5×112, ಹಳೆ ಎಂಎಕ್ಸ್-5ಗೆ 4×100. ಇದರ ಜೊತೆ ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವ ಅಳತೆ) ಮತ್ತು ನಡುವಿನ ತೂತಿನ ಅಳತೆಯೂ ಕೂಡಬೇಕು, ಇಲ್ಲದಿದ್ದರೆ ಟೈರ್ ಉಜ್ಜುತ್ತದೆ, ಸ್ಟೀರಿಂಗ್ ಅದುರುತ್ತದೆ.

ಎಂಜಿನ್ ಟ್ಯೂನ್ ಕೊನೆಗೆ. ಶಕ್ತಿಗಿಂತ ಟಾರ್ಕ್ ಮೇಲೆ ಎಚ್ಚರ ಇರಲಿ. ಸಣ್ಣ ಟರ್ಬೊ ಎಂಜಿನ್‌ಗೆ 2,000 ಆರ್‌ಪಿಎಂನಲ್ಲೇ ಭಾರೀ ಟಾರ್ಕ್ ತುಂಬಿದರೆ ಇಂಧನ ಸಮಯಕ್ಕೆ ಮುಂಚೆಯೇ ತಾನಾಗಿ ಹೊತ್ತಿಕೊಂಡು ಪಿಸ್ಟನ್, ಕನೆಕ್ಟಿಂಗ್ ರಾಡ್‌ಗೆ ಏಟು ಬೀಳಬಹುದು. ಒಳ್ಳೆ ಟ್ಯೂನರ್ ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ಬಿಗಿ ಹಿಡಿದಿರುತ್ತಾರೆ. ಟ್ಯೂನ್ ಆದ ಮೇಲೆ ನೀವೂ ಎತ್ತರದ ಗೇರಿನಲ್ಲಿ ಕಡಿಮೆ ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ತುಳಿಯುವ ಅಭ್ಯಾಸ ಬಿಡಿ. ಯಾವ ಆಕ್ಟೇನ್ ಪೆಟ್ರೋಲ್‌ಗೆ ಟ್ಯೂನ್ ಮಾಡಿದ್ದಾರೋ ಅದನ್ನೇ ಹಾಕಿ. ಸದ್ದು, ಹೊಗೆ, ಚಕ್ರದ ಅಗಲ, ಇವಕ್ಕೆ ನೀವಿರುವ ಕಡೆ ಏನು ಕಾನೂನಿದೆ ಅನ್ನುವುದನ್ನು ಪಾರ್ಟ್ ಆರ್ಡರ್ ಮಾಡುವ ಮುಂಚೆ ಓದಿಕೊಳ್ಳಿ.

ಒಂದು ಸಲಕ್ಕೆ ಒಂದೇ ಮಾಡ್. ಹಾಕಿ, ಸಾವಿರ ಕಿಲೋಮೀಟರ್ ಓಡಿಸಿ, ಆಮೇಲೆ ಮುಂದಿನದು. ಮೂರನ್ನು ಒಟ್ಟಿಗೆ ಹಾಕಿಸಿ ಒಂದು ಕಡೆ ಸದ್ದು ಶುರುವಾದರೆ ಯಾವುದರಿಂದ ಅಂತ ಹುಡುಕುವುದೇ ಒಂದು ಕೆಲಸವಾಗುತ್ತದೆ. ನಾನು ಹುಡುಕಿದ್ದೇನೆ, ಎರಡು ವಾರ. ಕೊನೆಗೆ ಸಿಕ್ಕಿದ್ದು ಬಿಗಿ ಮಾಡಲು ಮರೆತ ಸ್ವೇ ಬಾರ್‌ನ ಒಂದು ನಟ್ಟು. ಈಗ ಬಿಗಿ ಮಾಡಿದ ಪ್ರತಿ ಬೋಲ್ಟ್ ತಲೆಯ ಮೇಲೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯುತ್ತೇನೆ. ಕಳಚಿದ ಸ್ಟಾಕ್ ಪಾರ್ಟನ್ನು ಒರೆಸಿ, ಅದರ ಬೋಲ್ಟ್‌ಗಳ ಸಮೇತ ಡಬ್ಬಕ್ಕೆ ಹಾಕಿ, ಮೇಲೆ ತಾರೀಖು ಮತ್ತು ಕಿಲೋಮೀಟರ್ ಬರೆದು ಅಟ್ಟದ ಮೇಲೆ ಇಡುತ್ತೇನೆ.